ಕೇಳುವ ಮೊದಲೇ ಉತ್ತರ ಕೊಡುವ ಮೇಜು

ಮಾನ್ಯ ಸಭಿಕರೇ,

ಈ ಉಪನ್ಯಾಸವನ್ನು ಕೊಡುವಾಗ ನನ್ನ ಮುಂದೆ ಒಂದು ಬರಿಯ ಮೇಜಿತ್ತು. ಮಾತು ಮುಂದುವರಿದಂತೆ ಒಂದೊಂದೇ ವಸ್ತುವನ್ನು ಪೆಟ್ಟಿಗೆಯಿಂದ ತೆಗೆದು ಅದರ ಮೇಲೆ ಜೋಡಿಸುತ್ತ ಹೋಗಿದ್ದೆ. ಬರಹಕ್ಕೆ ಆ ಅನುಕೂಲವಿಲ್ಲ. ಆದ್ದರಿಂದ ಓದುಗರು ತಮ್ಮೆದುರು ಒಂದು ತಟ್ಟೆ, ಎರಡು ಫೋರ್ಕು, ಎರಡು ಚಾಕು, ಒಂದು ಚಮಚ, ಒಂದು ಗ್ಲಾಸು ಇವೆಯೆಂದು ಭಾವಿಸಿಕೊಂಡು, ಆಗುವುದಾದರೆ ಅಡುಗೆಮನೆಯಿಂದ ನಿಜವಾಗಿಯೇ ತಂದಿಟ್ಟುಕೊಂಡು, ಇದನ್ನು ಓದಬೇಕೆಂದು ಕೋರುತ್ತೇನೆ. ಕೈಯಲ್ಲಿ ಹಿಡಿದು ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುವುದನ್ನು ಮಾತಿನಲ್ಲಿ ಹೇಳಲು ಎರಡು ಪುಟ ಬೇಕಾಗುತ್ತದೆ.

ಊಟದ ಮೇಜಿನ ಶಿಷ್ಟಾಚಾರವೆಂದೊಡನೆ ಅನೇಕರ ಮುಖದಲ್ಲಿ ಒಂದು ಬಗೆಯ ಅಂಜಿಕೆಯನ್ನೂ ಇನ್ನು ಕೆಲವರ ಮುಖದಲ್ಲಿ ಒಂದು ಬಗೆಯ ತಾತ್ಸಾರವನ್ನೂ ನಾನು ಕಂಡಿದ್ದೇನೆ. ಅಂಜುವವರಿಗೆ ಅದು ತಪ್ಪು ಹಿಡಿಯಲೆಂದೇ ಒಡ್ಡಿದ ಪರೀಕ್ಷೆ. ತಾತ್ಸಾರ ಮಾಡುವವರಿಗೆ ಅದು ಉಳ್ಳವರ ಆಡಂಬರ. ಇಬ್ಬರ ಅಭಿಪ್ರಾಯದಲ್ಲೂ ಸ್ವಲ್ಪ ನಿಜವಿದೆ, ಏಕೆಂದರೆ ಈ ನಿಯಮಗಳನ್ನು ಎದುರಿನವರನ್ನು ಕೀಳುಗಾಣಿಸಲು ಬಳಸಿದವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಆದರೆ ಒಂದೊಂದು ನಿಯಮವನ್ನೂ ಬಿಡಿಸಿ ನೋಡಿದರೆ ಅದರೊಳಗೆ ಸಾಮಾನ್ಯವಾಗಿ ಒಂದು ಪ್ರಶ್ನೆ ಅಡಗಿರುತ್ತದೆ: ನನ್ನ ನೀರು ಯಾವುದು, ಇದನ್ನು ಯಾವುದರಿಂದ ತಿನ್ನಲಿ, ಈಗ ಶುರುಮಾಡಬಹುದೇ, ನನ್ನ ತಟ್ಟೆಯನ್ನು ಇವರು ಒಯ್ಯುತ್ತಿದ್ದಾರಲ್ಲ, ತಡೆಯಲೇ ಬೇಡವೇ? ಚೆನ್ನಾಗಿ ಅಣಿಮಾಡಿದ ಮೇಜು ಈ ಪ್ರಶ್ನೆಗಳಿಗೆ ಅತಿಥಿ ಬಾಯಿ ತೆರೆಯುವ ಮೊದಲೇ ಉತ್ತರ ಕೊಟ್ಟಿರುತ್ತದೆ. ಈ ಹೊತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ.

ಮೊದಲು ಜಾಗದ ವಿಚಾರ. ಒಬ್ಬ ವ್ಯಕ್ತಿಗೆ ಮೀಸಲಾದ ಜಾಗವನ್ನೂ ಅದರ ಮೇಲಿನ ಸಾಮಾನುಗಳನ್ನೂ ಸೇರಿಸಿ ಹೋಟೆಲಿನವರು ‘ಕವರ್’ ಎನ್ನುತ್ತಾರೆ. ಒಂದು ತಟ್ಟೆಯ ನಡುವಿನಿಂದ ಪಕ್ಕದ ತಟ್ಟೆಯ ನಡುವಿನವರೆಗೆ ಕನಿಷ್ಠ 60 ಸೆಂಟಿಮೀಟರ್ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಚಾಕು ಹಿಡಿದವರ ಮೊಣಕೈ ಪಕ್ಕದವರ ಪಕ್ಕೆಗೆ ತಾಗುತ್ತದೆ, ಆಮೇಲೆ ಎಷ್ಟು ಬೆಳ್ಳಿಯ ಸಾಮಾನು ಹರಡಿದ್ದರೂ ಊಟ ಸುಖವಾಗುವುದಿಲ್ಲ. ಊಟದ ಮೇಜಿನ ಎತ್ತರ ಸುಮಾರು 75 ಸೆಂಟಿಮೀಟರ್, ಕುರ್ಚಿಯ ಆಸನದ ಎತ್ತರ ಸುಮಾರು 45 ಸೆಂಟಿಮೀಟರ್ ಇರುವುದು ವಾಡಿಕೆ. ಇವೆರಡರ ನಡುವಿನ ಆ 30 ಸೆಂಟಿಮೀಟರಿನಲ್ಲೇ ತೊಡೆಗಳು ಆರಾಮವಾಗಿ ಇರಬೇಕು. ಎಂಟು ಜನರ ಮೇಜಿಗೆ ಹತ್ತು ಜನರನ್ನು ಕರೆದು ‘ಹೊಂದಿಕೊಳ್ಳುತ್ತಾರೆ ಬಿಡಿ’ ಎನ್ನುವ ಆತಿಥೇಯರು ಫೋರ್ಕಿನ ಸ್ಥಾನದ ಬಗ್ಗೆ ಚಿಂತಿಸುವ ಅಗತ್ಯವೇ ಇಲ್ಲ. ಅಲ್ಲಿ ಮೊದಲ ತಪ್ಪು ಆಹ್ವಾನದಲ್ಲೇ ಆಗಿಹೋಗಿದೆ.

ಮೇಜುಬಟ್ಟೆಯನ್ನು ಹಾಸುವುದಾದರೆ ಅದರಡಿ ಇನ್ನೊಂದು ದಪ್ಪನೆಯ ಬಟ್ಟೆಯನ್ನು ಹಾಸಿರಿ. ಇದರಿಂದ ತಟ್ಟೆಯಿಟ್ಟಾಗ ಸದ್ದಾಗುವುದಿಲ್ಲ, ಬಿಸಿ ಮರಕ್ಕೆ ತಟ್ಟುವುದಿಲ್ಲ, ಚೆಲ್ಲಿದ ನೀರು ತಕ್ಷಣ ಮಡಿಲಿಗೆ ಹರಿಯುವುದಿಲ್ಲ. ಬಟ್ಟೆಯ ಅಂಚು ಎಲ್ಲ ಕಡೆಯೂ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಇಳಿಬಿದ್ದರೆ ಸಾಕು. ಮಂಡಿಗೆ ಸುತ್ತಿಕೊಳ್ಳುವಷ್ಟು ಉದ್ದವಾದರೆ ಯಾರಾದರೂ ಏಳುವಾಗ ಮೇಜಿನ ಅರ್ಧ ಸಾಮಾನು ಅವರೊಡನೆ ಎದ್ದುಬಂದೀತು.

ಈಗ ತಟ್ಟೆ. ಮುಖ್ಯ ಊಟದ ತಟ್ಟೆಯ ಅಡ್ಡಳತೆ ಸಾಮಾನ್ಯವಾಗಿ 25ರಿಂದ 28 ಸೆಂಟಿಮೀಟರ್. ಅದನ್ನು ಕುರ್ಚಿಯ ನೇರಕ್ಕೆ, ಮೇಜಿನ ಅಂಚಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಒಳಗೆ ಇಡಬೇಕು. ಚಾಕು, ಫೋರ್ಕು, ಚಮಚಗಳ ಹಿಡಿಕೆಯ ತುದಿಗಳೂ ಅದೇ ಗೆರೆಗೆ ಬರಬೇಕು. ಅಳತೆಗೆ ಪಟ್ಟಿ ಬೇಕಾಗಿಲ್ಲ. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಅಂತರವೆಂದರೆ ಸರಿಹೋಗುತ್ತದೆ. ಅಂಚಿಗೆ ಅಂಟಿಸಿಟ್ಟ ಚಾಕು ತೋಳು ತಾಗಿ ನೆಲಕ್ಕೆ ಬೀಳುತ್ತದೆ, ತೀರ ಒಳಗಿಟ್ಟ ತಟ್ಟೆಯತ್ತ ಬಾಗಿ ಬಾಗಿ ಬೆನ್ನು ಸೋಲುತ್ತದೆ.

ತಟ್ಟೆಯ ಎಡಕ್ಕೆ ಫೋರ್ಕುಗಳು, ಬಲಕ್ಕೆ ಚಾಕುಗಳು, ಚಾಕುಗಳ ಆಚೆ ಸೂಪಿನ ಚಮಚ. ಚಾಕುವಿನ ಅಲಗು ತಟ್ಟೆಯ ಕಡೆಗೆ ತಿರುಗಿರಬೇಕು. ಮೊದಲು ಬೇಕಾಗುವುದು ಎಲ್ಲಕ್ಕಿಂತ ಹೊರಗೆ, ಕೊನೆಗೆ ಬೇಕಾಗುವುದು ತಟ್ಟೆಯ ಪಕ್ಕಕ್ಕೆ. ಸೂಪು, ಮೀನು, ಮಾಂಸ ಈ ಕ್ರಮದಲ್ಲಿ ಬರುವುದಾದರೆ ಬಲಗಡೆ ಹೊರಗಿನಿಂದ ಒಳಕ್ಕೆ ಸೂಪಿನ ಚಮಚ, ಮೀನಿನ ಚಾಕು, ಮಾಂಸದ ಚಾಕು. ಎಡಗಡೆ ಹೊರಗಿನಿಂದ ಒಳಕ್ಕೆ ಮೀನಿನ ಫೋರ್ಕು, ಮಾಂಸದ ಫೋರ್ಕು. ಅತಿಥಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪ್ರತಿ ಸಲವೂ ಹೊರಗಿನದನ್ನು ಎತ್ತಿಕೊಂಡರೆ ಸಾಕು, ತಟ್ಟೆಯೊಡನೆ ಅದೂ ಹೊರಟುಹೋಗಿ ಮುಂದಿನದು ಹೊರಗಿನದಾಗಿ ಉಳಿಯುತ್ತದೆ. ಸಿಹಿತಿಂಡಿಯ ಚಮಚ ಮತ್ತು ಫೋರ್ಕನ್ನು ತಟ್ಟೆಯ ಮೇಲ್ಭಾಗದಲ್ಲಿ ಅಡ್ಡಲಾಗಿ ಇಡುವುದುಂಟು. ಆಗ ಚಮಚದ ಹಿಡಿಕೆ ಬಲಕ್ಕೂ ಫೋರ್ಕಿನ ಹಿಡಿಕೆ ಎಡಕ್ಕೂ ಇರಬೇಕು, ಏಕೆಂದರೆ ಅವುಗಳನ್ನು ಹಿಡಿಯುವ ಕೈಗಳು ಆ ಕಡೆಗಳಲ್ಲೇ ಇವೆ. ಒಂದು ಬದಿಯಲ್ಲಿ ಒಂದೇ ಬಗೆಯ ಸಾಧನ ಮೂರಕ್ಕಿಂತ ಹೆಚ್ಚಾಗಬಾರದೆಂಬ ಹಳೆಯ ನಿಯಮವೊಂದಿದೆ; ನಾಲ್ಕನೆಯದು ಬೇಕಾದರೆ ಆ ತಿನಿಸಿನ ಜೊತೆಯಲ್ಲೇ ಅದನ್ನು ತಂದುಕೊಡಬೇಕು. ಇದಕ್ಕೂ ಮುಖ್ಯವಾದ, ಆದರೆ ಮನೆಗಳಲ್ಲಿ ಮರೆತುಹೋಗುವ ಇನ್ನೊಂದು ನಿಯಮವೆಂದರೆ, ಆ ದಿನದ ಊಟಕ್ಕೆ ಬೇಡದ ಯಾವುದನ್ನೂ ಮೇಜಿನ ಮೇಲಿಡಬಾರದು. ಸೂಪಿಲ್ಲದ ದಿನ ಸೂಪಿನ ಚಮಚವನ್ನು ಚೆಂದಕ್ಕೆಂದು ಇಟ್ಟರೆ, ಬರದ ಸೂಪಿಗಾಗಿ ಅತಿಥಿ ಕೊನೆಯವರೆಗೂ ಕಾಯುತ್ತಾನೆ.

ಅಲಗು ಒಳಗೇ ಏಕೆ ತಿರುಗಿರಬೇಕು ಎಂದು ಯಾರಾದರೂ ಕೇಳಿದರೆ ನನಗೆ ಸಂತೋಷವಾಗುತ್ತದೆ, ಏಕೆಂದರೆ ಉತ್ತರ ಹೇಳಲು ಸ್ವಲ್ಪ ಇತಿಹಾಸಕ್ಕೆ ಹೋಗಬೇಕು. ಯೂರೋಪಿನಲ್ಲಿ ಬಹುಕಾಲ ಊಟಕ್ಕೆ ಬರುವವರು ತಮ್ಮ ತಮ್ಮ ಚಾಕುವನ್ನು ಸೊಂಟದಲ್ಲೇ ಕಟ್ಟಿಕೊಂಡು ಬರುತ್ತಿದ್ದರು. ರೊಟ್ಟಿ ಕತ್ತರಿಸಲು, ಮಾಂಸವನ್ನು ಚುಚ್ಚಿ ಬಾಯಿಗಿಡಲು, ಜಗಳವಾದರೆ ಎದುರಿನವನನ್ನು ಇರಿಯಲು ಅದೊಂದೇ ಸಾಧನ. ಫ್ರಾನ್ಸಿನಲ್ಲಿ 14ನೇ ಲೂಯಿ 1669ರಲ್ಲಿ ಮೊನಚಾದ ಚಾಕುಗಳನ್ನು ನಿಷೇಧಿಸಿದ ಮೇಲೆ ಮೇಜಿನ ಚಾಕುವಿನ ತುದಿ ದುಂಡಗಾಯಿತು. ಹರಿತವಾದ ಅಂಚನ್ನು ಪಕ್ಕದವನತ್ತ ತಿರುಗಿಸದೆ ನನ್ನತ್ತಲೇ ತಿರುಗಿಸಿಕೊಳ್ಳುವ ರೂಢಿಯಲ್ಲಿ ಆ ಕಾಲದ ಭಯದ ನೆನಪು ಇದೆಯೆಂದೇ ನನ್ನ ಭಾವನೆ. ಇಂದಿನ ಮೇಜಿನ ಚಾಕು ಬೆಣ್ಣೆಗೂ ಹೆದರುವಷ್ಟು ಮೊಂಡಾಗಿದ್ದರೂ ಆ ಸೌಜನ್ಯ ಉಳಿದುಕೊಂಡಿದೆ.

ಫೋರ್ಕಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. 11ನೇ ಶತಮಾನದಲ್ಲಿ ಬೈಜಾಂಟಿಯಂನಿಂದ ವೆನಿಸ್‌ಗೆ ಮದುವೆಯಾಗಿ ಬಂದ ರಾಜಮನೆತನದ ಹೆಣ್ಣುಮಗಳೊಬ್ಬಳು ಆಹಾರವನ್ನು ಬೆರಳಿಂದ ಮುಟ್ಟದೆ ಚಿನ್ನದ ಫೋರ್ಕಿನಿಂದ ತಿನ್ನುತ್ತಿದ್ದುದನ್ನು ಪೀಟರ್ ಡೇಮಿಯನ್ ಎಂಬ ಕ್ರೈಸ್ತ ಧರ್ಮಗುರು ಅತಿಯಾದ ವಿಲಾಸವೆಂದು ಖಂಡಿಸಿ ಬರೆದ. ಅದಾಗಿ ಐನೂರು ವರ್ಷಗಳ ಮೇಲೂ ಇಂಗ್ಲೆಂಡಿಗೆ ಫೋರ್ಕು ಅಪರಿಚಿತವಾಗಿತ್ತು. ಟಾಮಸ್ ಕೊರ್ಯಾಟ್ ಎಂಬ ಇಂಗ್ಲಿಷ್ ಪ್ರವಾಸಿ ಇಟಲಿಯಲ್ಲಿ ಅದನ್ನು ಕಂಡು, ತಾನೂ ಬಳಸಲು ಕಲಿತು, ಆ ವಿಷಯವನ್ನು 1611ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಬರೆದ; ಊರಿಗೆ ಮರಳಿದ ಮೇಲೆ ಗೆಳೆಯರ ಗೇಲಿಗೂ ಗುರಿಯಾದ. ಒಂದು ಕಾಲದಲ್ಲಿ ಫೋರ್ಕು ಹಿಡಿದವನು ನಗೆಪಾಟಲಾದ, ಇನ್ನೊಂದು ಕಾಲದಲ್ಲಿ ಅದನ್ನು ಹಿಡಿಯಲು ಬಾರದವನು ನಗೆಪಾಟಲಾಗುತ್ತಾನೆ. ಈ ನಿಯಮಗಳನ್ನು ದೇವರು ಕಲ್ಲಿನ ಮೇಲೆ ಬರೆದುಕೊಟ್ಟಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗಿದ್ದರೆ ತಟ್ಟೆಯ ಎರಡೂ ಬದಿಗಳಲ್ಲಿ ಈ ಸಾಲು ಸಾಲು ಸಾಧನಗಳು ಬಂದದ್ದು ಯಾವಾಗ? ಹಿಂದಿನ ಫ್ರೆಂಚ್ ಪದ್ಧತಿಯಲ್ಲಿ ಒಂದು ಸರದಿಯ ಎಲ್ಲ ಭಕ್ಷ್ಯಗಳನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡಿಡುತ್ತಿದ್ದರು. ನೋಡಲು ಅದ್ಭುತ, ಆದರೆ ಕೈಗೆಟುಕಿದ್ದನ್ನಷ್ಟೇ ತಿನ್ನಬೇಕು, ಅದೂ ಆರಿಹೋದ ಮೇಲೆ. ಪ್ಯಾರಿಸ್ಸಿನಲ್ಲಿ ರಷ್ಯಾದ ರಾಯಭಾರಿಯಾಗಿದ್ದ ಅಲೆಕ್ಸಾಂಡರ್ ಕುರಾಕಿನ್ 1810ರ ಸುಮಾರಿಗೆ ತನ್ನ ಔತಣಗಳಲ್ಲಿ ಒಂದಾದ ಮೇಲೊಂದು ಭಕ್ಷ್ಯವನ್ನು ಬಿಸಿಬಿಸಿಯಾಗಿ ತಂದು ಬಡಿಸುವ ಕ್ರಮವನ್ನು ಅಲ್ಲಿಗೆ ಪರಿಚಯಿಸಿದನೆಂದು ಹೇಳುತ್ತಾರೆ. ಅದನ್ನು ಇಂದಿಗೂ ರಷ್ಯನ್ ಪದ್ಧತಿ ಎನ್ನುವುದುಂಟು. ಭಕ್ಷ್ಯಗಳು ಮೇಜಿನಿಂದ ಅಡುಗೆಮನೆಗೆ ಸರಿದೊಡನೆ ಮೇಜಿನ ನಡುವೆ ಜಾಗ ತೆರವಾಯಿತು, ಅಲ್ಲಿಗೆ ಹೂವು ಬಂತು. ಮುಂದಿನ ಭಕ್ಷ್ಯಕ್ಕೆ ಬೇಕಾದ ಸಾಧನ ಮೊದಲೇ ಸಿದ್ಧವಿರಬೇಕಾಯಿತು, ಆದ್ದರಿಂದ ಸಾಲು ಬಂತು. ಅಂದರೆ ನಾವು ಅಂಜುವ ಆ ಫೋರ್ಕುಗಳ ಸಾಲು, ಊಟ ಆರಬಾರದೆಂಬ ಕಾಳಜಿಯ ಫಲ.

ಮೀನಿಗೆ ಬೇರೆ ಚಾಕು ಏಕೆಂಬುದಕ್ಕೂ ಕಾರಣವಿತ್ತು. ಹಳೆಯ ಉಕ್ಕಿನ ಅಲಗಿಗೆ ಮೀನಿನ ಮೇಲೆ ಹಿಂಡಿದ ನಿಂಬೆಯ ಹುಳಿ ತಾಗಿದರೆ ಅಲಗು ಕಪ್ಪಾಗುತ್ತಿತ್ತು, ಮೀನಿಗೆ ಲೋಹದ ರುಚಿ ಬರುತ್ತಿತ್ತು. ಅದಕ್ಕಾಗಿ ಬೆಳ್ಳಿಯ ಚಾಕು ಬಂತು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ ಕ್ರೋಮಿಯಂ ಬೆರೆಸಿದ, ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ ಮೇಲೆ, ಆ ಉಕ್ಕಿನ ಚಾಕುಗಳು ಮನೆಮನೆಗೆ ಬಂದಂತೆ ಈ ತೊಂದರೆಯೇ ಇಲ್ಲವಾಯಿತು. ಆದ್ದರಿಂದ ನಿಮ್ಮ ಮನೆಯಲ್ಲಿ ಮೀನಿನ ಚಾಕು ಇಲ್ಲವೆಂದು ಸಂಕೋಚಪಡಬೇಡಿ. ಕಾರಣ ಹೋದ ಮೇಲೆ ನಿಯಮವನ್ನು ಸಡಿಲಿಸುವ ಸ್ವಾತಂತ್ರ್ಯ ನಿಮಗಿದೆ.

ಗ್ಲಾಸುಗಳು ಬಲಗಡೆ, ಚಾಕುವಿನ ತುದಿಯ ಮೇಲೆ ಬರಬೇಕು. ನೀರಿನ ಗ್ಲಾಸು ಚಾಕುವಿನ ನೇರಕ್ಕೆ, ಬೇರೆ ಪಾನೀಯಗಳ ಗ್ಲಾಸುಗಳು ಅದರ ಬಲಕ್ಕೆ ಓರೆಯಾಗಿ. ಬ್ರೆಡ್ಡಿನ ಚಿಕ್ಕ ತಟ್ಟೆ ಎಡಗಡೆ, ಫೋರ್ಕುಗಳ ಮೇಲೆ. ಅದರ ಮೇಲೊಂದು ಬೆಣ್ಣೆಯ ಚಾಕು. ತಿನ್ನುವುದು ಎಡಕ್ಕೆ, ಕುಡಿಯುವುದು ಬಲಕ್ಕೆ ಎಂದು ನೆನಪಿಟ್ಟುಕೊಂಡರೆ ಸಾಕು. ದುಂಡು ಮೇಜಿನಲ್ಲಿ ಇದನ್ನು ಮರೆತವನೊಬ್ಬ ಎಡವಟ್ಟು ಮಾಡಿದರೆ ಸುತ್ತಲಿನ ಎಲ್ಲರ ಲೆಕ್ಕವೂ ತಪ್ಪುತ್ತದೆ.

ಹಾಗೆ ತಪ್ಪಿಸಿದವನು ನಾನೇ ಎಂದು ಒಪ್ಪಿಕೊಳ್ಳಬೇಕು. ಹರೆಯದಲ್ಲಿ, ಇಂಥ ಮೇಜಿಗೆ ಮೊದಲ ಸಲ ಕುಳಿತಾಗ, ನನ್ನ ಬಲಗಡೆಯಿದ್ದ ಬ್ರೆಡ್ಡನ್ನು ನನ್ನದೆಂದೇ ತಿಳಿದು ಮುರಿದು ತಿನ್ನತೊಡಗಿದೆ. ಅದು ನನ್ನ ಬಲಕ್ಕೆ ಕುಳಿತಿದ್ದ ಹಿರಿಯ ಮಹಿಳೆಯದು. ಅವರು ನನ್ನತ್ತ ನೋಡಲೂ ಇಲ್ಲ. ತಮ್ಮ ಬಲಗಡೆಯವರೊಡನೆ ಒಂದು ಮಾತು ಪಿಸುಗುಟ್ಟಿ, ಅವರ ಬ್ರೆಡ್ಡನ್ನು ತಾವು ತೆಗೆದುಕೊಂಡರು. ಅವರು ಅದರಾಚೆಯವರದ್ದನ್ನು ತೆಗೆದುಕೊಂಡರು. ಹೀಗೆ ಇಡೀ ಮೇಜು ಒಂದು ಸುತ್ತು ನನ್ನ ತಪ್ಪನ್ನೇ ಅನುಸರಿಸಿತು. ಕೊನೆಗೆ ನನ್ನ ಎಡಗಡೆಯವರು ನನ್ನ ಎಡಕ್ಕಿದ್ದ ತಟ್ಟೆಯನ್ನು ತಮ್ಮದೆಂಬಂತೆ ಎಳೆದುಕೊಂಡಾಗಲೂ ನನಗೆ ಏನೂ ಹೊಳೆಯಲಿಲ್ಲ. ಎಷ್ಟೋ ತಿಂಗಳ ಮೇಲೆ ಬೇರೆಲ್ಲೋ ಸರಿಯಾದ ಕ್ರಮವನ್ನು ಕಲಿಯುವಾಗ ಆ ರಾತ್ರಿ ನಡೆದದ್ದೇನೆಂದು ಅರ್ಥವಾಗಿ ಕಿವಿ ಬಿಸಿಯಾಯಿತು. ಆ ಮಹಿಳೆಗೆ ನಿಯಮ ಚೆನ್ನಾಗಿ ಗೊತ್ತಿತ್ತು, ಆದ್ದರಿಂದಲೇ ಅದನ್ನು ಅಷ್ಟು ನಾಜೂಕಾಗಿ ಮುರಿಯಲು ಅವರಿಗೆ ಸಾಧ್ಯವಾಯಿತು.

ಹೂವು ಮತ್ತು ಮೇಣದಬತ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎದುರಿನವರ ಮುಖ ಕಾಣಬೇಕು, ಆದ್ದರಿಂದ ಹೂವಿನ ಅಲಂಕಾರ ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ. ಮೇಣದಬತ್ತಿಯ ಜ್ವಾಲೆ ಕಣ್ಣಿನ ನೇರಕ್ಕೆ ಬಾರದಿರಲಿ. ಎರಡಕ್ಕೂ ಗಾಢ ಪರಿಮಳ ಬೇಡ, ಊಟದ ಮೇಜಿನಲ್ಲಿ ಮೂಗು ಊಟಕ್ಕೆ ಮೀಸಲು.

ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ಮಾತ್ರ ಆತಿಥೇಯರು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಮುಖ್ಯ ಅತಿಥಿಗೆ ಆತಿಥೇಯರ ಬಲಗಡೆಯ ಜಾಗ ಸಲ್ಲುತ್ತದೆ. ಉಳಿದವರ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ಮಾತು ಕಡಿಮೆಯಿರುವ ಇಬ್ಬರನ್ನು ಅಕ್ಕಪಕ್ಕ ಕೂರಿಸಬೇಡಿ, ಕಿವಿ ಮಂದವಾದವರನ್ನು ಮೇಜಿನ ತುದಿಗೆ ತಳ್ಳಬೇಡಿ. ಎಂಟಕ್ಕಿಂತ ಹೆಚ್ಚು ಜನರಿದ್ದರೆ ಹೆಸರು ಬರೆದ ಚಿಕ್ಕ ಚೀಟಿಗಳನ್ನು ಇಡುವುದು ಒಳ್ಳೆಯದು. ಬಾಗಿಲಲ್ಲಿ ನಿಂತು ‘ನೀವು ಮೊದಲು, ನೀವು ಮೊದಲು’ ಎಂದು ಉಪಚಾರ ಮಾಡಿಕೊಳ್ಳುವ ಹೊತ್ತಿಗೆ ಸೂಪು ಆರಿರುತ್ತದೆ.

ಮೇಜು ಸಿದ್ಧವಾಯಿತು. ಇನ್ನು ಕುಳಿತವರ ಸರದಿ. ಮೊದಲು ಮುಟ್ಟುವ ವಸ್ತು ನ್ಯಾಪ್ಕಿನ್. ಆತಿಥೇಯರು ತಮ್ಮದನ್ನು ಬಿಡಿಸಿದ ಮೇಲೆ ನೀವೂ ಬಿಡಿಸಿ, ಅರ್ಧಕ್ಕೆ ಮಡಚಿ, ಮಡಿಕೆ ನಿಮ್ಮ ಕಡೆಗಿರುವಂತೆ ತೊಡೆಯ ಮೇಲೆ ಹಾಸಿಕೊಳ್ಳಿ. ತುಟಿಯನ್ನು ಒತ್ತಿ ಒರೆಸಬೇಕೇ ಹೊರತು ಉಜ್ಜಬಾರದು. ಮಡಿಕೆಯ ಒಳಮೈಯಲ್ಲಿ ಒರೆಸಿದರೆ ಕಲೆ ಯಾರಿಗೂ ಕಾಣುವುದಿಲ್ಲ, ನಿಮ್ಮ ಬಟ್ಟೆಗೂ ತಾಗುವುದಿಲ್ಲ. ನೀರು ಕುಡಿಯುವ ಮೊದಲು ತುಟಿ ಒರೆಸಿಕೊಳ್ಳುವುದು ಒಳ್ಳೆಯದು. ಗ್ಲಾಸಿನ ಅಂಚಿನಲ್ಲಿ ಜಿಡ್ಡಿನ ಗುರುತು ಕೂರುವುದಿಲ್ಲ. ಊಟದ ನಡುವೆ ಎದ್ದು ಹೋಗಬೇಕಾದರೆ ಕುರ್ಚಿಯ ಮೇಲಿಡಿ. ಊಟ ಮುಗಿದ ಮೇಲೆ ತಟ್ಟೆಯ ಎಡಕ್ಕೆ ಸಡಿಲವಾಗಿ ಇಡಿ. ಹೊಸದರಂತೆ ಮಡಚಿಡುವ ಅಗತ್ಯವಿಲ್ಲ, ಒಗೆಯದೆ ಮತ್ತೊಬ್ಬರಿಗೆ ಇಡಬಹುದೆಂಬ ಸೂಚನೆಯಂತೆ ಅದು ಕಾಣುತ್ತದೆ.

ಡಚ್ ವಿದ್ವಾಂಸ ಎರಾಸ್ಮಸ್ 1530ರಲ್ಲಿ ಮಕ್ಕಳ ನಡವಳಿಕೆಯ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆದ ಒಂದು ಚಿಕ್ಕ ಪುಸ್ತಕವಿದೆ. ಜಿಡ್ಡಾದ ಬೆರಳನ್ನು ನೆಕ್ಕುವುದಾಗಲಿ ಅಂಗಿಗೆ ಒರೆಸುವುದಾಗಲಿ ಸಭ್ಯತೆಯಲ್ಲ, ನ್ಯಾಪ್ಕಿನ್ನಿಗೋ ಮೇಜುಬಟ್ಟೆಗೋ ಒರೆಸಬೇಕೆಂದು ಆತ ಅದರಲ್ಲಿ ಹೇಳುತ್ತಾನೆ. ಮೇಜುಬಟ್ಟೆಗೆ ಕೈ ಒರೆಸುವುದು ಅಂದು ಸಭ್ಯತೆ, ಇಂದು ಅಸಭ್ಯತೆ. ಆದರೆ ಬೆರಳ ಜಿಡ್ಡನ್ನು ಪಕ್ಕದವರು ನೋಡಬೇಕಾಗಬಾರದೆಂಬ ಎಚ್ಚರ ಎರಡು ಕಾಲದಲ್ಲೂ ಒಂದೇ.

ಯಾವಾಗ ಶುರುಮಾಡಬೇಕು? ಚಿಕ್ಕ ಮೇಜಿನಲ್ಲಿ ಎಲ್ಲರಿಗೂ ಬಡಿಸಿ ಆತಿಥೇಯರು ಫೋರ್ಕನ್ನು ಎತ್ತಿಕೊಂಡಾಗ. ಆತಿಥೇಯರ ಕರ್ತವ್ಯವೂ ಇಲ್ಲಿದೆ: ಅವರು ಬೇಗ ಎತ್ತಿಕೊಳ್ಳಬೇಕು. ‘ನೀವು ತಿನ್ನುತ್ತಿರಿ’ ಎಂದು ಬಾಯಲ್ಲಿ ಹೇಳಿ ತಾವು ಮಾತ್ರ ಅಡುಗೆಮನೆಗೂ ಮೇಜಿಗೂ ಓಡಾಡುವ ಆತಿಥೇಯರ ಮನೆಯಲ್ಲಿ ಅತಿಥಿಗಳು ಆರುತ್ತಿರುವ ತಟ್ಟೆಯ ಮುಂದೆ ಅಪರಾಧಿಗಳಂತೆ ಕೂರುತ್ತಾರೆ. ದೊಡ್ಡ ಕೂಟದಲ್ಲಿ ಅಕ್ಕಪಕ್ಕದ ನಾಲ್ಕಾರು ಜನರಿಗೆ ಬಡಿಸಿದ್ದಾದರೆ ತೊಡಗಬಹುದು.

ಚಾಕುವನ್ನು ಬಲಗೈಯಲ್ಲಿ, ಫೋರ್ಕನ್ನು ಮುಳ್ಳುಗಳು ಕೆಳಮುಖವಾಗಿರುವಂತೆ ಎಡಗೈಯಲ್ಲಿ ಹಿಡಿದು, ತೋರುಬೆರಳನ್ನು ಹಿಡಿಕೆಯ ಬೆನ್ನಿನ ಮೇಲೆ ಊರಬೇಕು. ಹಿಡಿಕೆಯ ತುದಿ ಅಂಗೈಯಲ್ಲಿ ಅಡಗಿರುತ್ತದೆ. ಒಮ್ಮೆಗೆ ಒಂದೇ ತುತ್ತಿನಷ್ಟು ಕತ್ತರಿಸಿ, ಎಡಗೈಯಿಂದಲೇ ಬಾಯಿಗಿಡುವುದು ಯೂರೋಪಿನ ಕ್ರಮ. ಕತ್ತರಿಸಿದ ಮೇಲೆ ಚಾಕುವನ್ನು ತಟ್ಟೆಯ ಅಂಚಿಗೆ ಇಟ್ಟು ಫೋರ್ಕನ್ನು ಬಲಗೈಗೆ ಬದಲಿಸಿಕೊಳ್ಳುವುದು ಅಮೆರಿಕದ ಕ್ರಮ. ಎರಡೂ ಸರಿ, ಯಾವುದಾದರೊಂದನ್ನು ಸಲೀಸಾಗಿ ಮಾಡಿದರಾಯಿತು. ಒಮ್ಮೆ ಎತ್ತಿಕೊಂಡ ಚಾಕು ಮತ್ತೆ ಮೇಜುಬಟ್ಟೆಯನ್ನು ಮುಟ್ಟಬಾರದು. ಅರ್ಧ ತಟ್ಟೆಗೆ, ಅರ್ಧ ಮೇಜಿಗೆ ದೋಣಿಯ ಹುಟ್ಟಿನಂತೆ ಒರಗಿಸುವುದೂ ಸಲ್ಲದು. ಮಾತಿನ ಹುರುಪಿನಲ್ಲಿ ಅದನ್ನು ಗಾಳಿಯಲ್ಲಿ ಆಡಿಸುವುದನ್ನಂತೂ ನಾನು ವೇದಿಕೆಯ ಮೇಲೆ ಮಾಡಿ ತೋರಿಸಿದಾಗ ಮುಂದಿನ ಸಾಲಿನವರೇ ಹಿಂದೆ ಸರಿದರು.

ತಿನ್ನುವುದನ್ನು ನಿಲ್ಲಿಸಿದಾಗ ಈ ಎರಡು ಸಾಧನಗಳು ನಿಮ್ಮ ಪರವಾಗಿ ಮಾತಾಡುತ್ತವೆ. ನಡುವೆ ವಿರಾಮ ಬೇಕಾದರೆ ಫೋರ್ಕು ಮತ್ತು ಚಾಕುವಿನ ತುದಿಗಳು ತಟ್ಟೆಯ ಮಧ್ಯೆ ಸಮೀಪಿಸಿ ಹಿಡಿಕೆಗಳು ಎರಡೂ ಕಡೆಗೆ ಚಾಚುವಂತೆ, ಮನೆಯ ಮಾಡಿನ ಇಳಿಜಾರಿನಂತೆ ಇಡಬೇಕು: ‘ಇನ್ನೂ ತಿನ್ನುತ್ತಿದ್ದೇನೆ’ ಎಂದರ್ಥ. ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕಕ್ಕೆ ಸೇರಿಸಿ, ತಟ್ಟೆಯನ್ನು ಗಡಿಯಾರದ ಮುಖವೆಂದು ಭಾವಿಸಿದರೆ ಹಿಡಿಕೆಗಳು ನಾಲ್ಕು ಗಂಟೆಯ ಕಡೆಗೆ ಬರುವಂತೆ ಇಡಬೇಕು: ‘ನನ್ನದಾಯಿತು, ಒಯ್ಯಬಹುದು.’ ಬಲಗಡೆಯಿಂದ ತಟ್ಟೆ ಎತ್ತುವವರ ಹೆಬ್ಬೆರಳು ಆ ಹಿಡಿಕೆಗಳ ಮೇಲೆ ಸರಿಯಾಗಿ ಕೂರುತ್ತದೆ. ನಡೆಯುವಾಗ ಚಾಕು ಜಾರಿ ಯಾರದೋ ಹೆಗಲ ಮೇಲೆ ಬೀಳುವುದಿಲ್ಲ. ಬಡಿಸುವವರ ಕೆಲಸ ಹಗುರಮಾಡುವ ಈ ಸಂಜ್ಞೆಯನ್ನು ಉಳಿದೆಲ್ಲದಕ್ಕಿಂತ ಮೊದಲು ಕಲಿಯಬೇಕೆಂದು ನಾನು ಹೇಳುತ್ತೇನೆ. ಬಡಿಸುವ ಪಾತ್ರೆಯನ್ನು ಎಡಗಡೆಯಿಂದ ಹಿಡಿಯುವುದರಲ್ಲೂ ಇಂಥದೇ ಲೆಕ್ಕಾಚಾರವಿದೆ. ಬಹುಪಾಲು ಜನರ ಬಲಗೈ ಎದೆಯ ಮುಂದೆ ಹಾದು ಸಲೀಸಾಗಿ ಆ ಪಾತ್ರೆಯನ್ನು ತಲುಪುತ್ತದೆ. ಗ್ಲಾಸುಗಳು ಬಲಕ್ಕಿರುವುದರಿಂದ ಪಾನೀಯವನ್ನು ಬಲಗಡೆಯಿಂದಲೇ ಸುರಿಯುತ್ತಾರೆ.

ಸೂಪನ್ನು ಚಮಚದಿಂದ ನಮ್ಮಿಂದ ಆಚೆಗೆ ತೋಡಿ, ಚಮಚದ ತಳವನ್ನು ಬಟ್ಟಲಿನ ಆಚೆಯ ಅಂಚಿಗೆ ಮೆಲ್ಲನೆ ತಾಗಿಸಿ, ಪಕ್ಕದಿಂದ ಸದ್ದಿಲ್ಲದೆ ಹೀರಬೇಕು. ವಿಚಿತ್ರವೆನಿಸಿದರೂ ಮಾಡಿ ನೋಡಿ: ತಳದ ಹನಿ ಬಟ್ಟಲಿಗೇ ಬೀಳುತ್ತದೆ, ಮಡಿಲಿಗಲ್ಲ. ಬಿಸಿಯಿದ್ದರೆ ಊದದೆ ಕಾಯಬೇಕು. ಬ್ರೆಡ್ಡನ್ನು ಚಾಕುವಿನಿಂದ ಕತ್ತರಿಸದೆ ಒಂದೊಂದು ತುತ್ತಿನಷ್ಟೇ ಕೈಯಿಂದ ಮುರಿದು, ಆ ತುಂಡಿಗಷ್ಟೇ ಬೆಣ್ಣೆ ಹಚ್ಚಿಕೊಳ್ಳಬೇಕು.

ದೂರದ ಪಾತ್ರೆ ಬೇಕಾದರೆ ಪಕ್ಕದವರ ತಟ್ಟೆಯ ಮೇಲಿಂದ ಕೈ ಚಾಚದೆ ಕೇಳಿ ಪಡೆಯಿರಿ. ಉಪ್ಪು ಕೇಳಿದವರಿಗೆ ಉಪ್ಪು, ಮೆಣಸು ಎರಡನ್ನೂ ಜೊತೆಯಾಗಿ ಕೊಡುವುದು ರೂಢಿ. ಜೋಡಿ ಬೇರೆಯಾದರೆ ಇನ್ನೊಂದನ್ನು ಮೇಜಿಡೀ ಹುಡುಕಬೇಕಾಗುತ್ತದೆ. ರುಚಿ ನೋಡುವ ಮೊದಲೇ ಉಪ್ಪು ಸುರಿದುಕೊಳ್ಳುವುದು ಮಾತ್ರ ಅಡುಗೆ ಮಾಡಿದವರಿಗೆ ಮಾಡುವ ಅವಮಾನ. ಮೊದಲ ತುತ್ತು ಬಾಯಿಗೆ ಹೋಗುವವರೆಗಾದರೂ ಅವರ ಮೇಲೆ ನಂಬಿಕೆಯಿಡಬೇಕು.

ಬಾಯಿ ಮುಚ್ಚಿ ಅಗಿಯುವುದು, ತುತ್ತು ಬಾಯಲ್ಲಿರುವಾಗ ಮಾತಾಡದಿರುವುದು ಎಲ್ಲರಿಗೂ ತಿಳಿದದ್ದೇ. ಅಷ್ಟಾಗಿ ತಿಳಿಯದಿರುವುದೆಂದರೆ, ಪಕ್ಕದವರು ತುತ್ತು ಬಾಯಿಗಿಟ್ಟ ಕ್ಷಣದಲ್ಲೇ ಪ್ರಶ್ನೆ ಕೇಳದಿರುವುದು. ವೇಗದ ವಿಚಾರವೂ ಅಷ್ಟೇ. ಎಲ್ಲರ ತಟ್ಟೆ ಬರಿದಾದಾಗ ಒಬ್ಬರೇ ತಿನ್ನುತ್ತ ಕೂರುವುದು ಎಷ್ಟು ಮುಜುಗರವೆಂದು ನಿಧಾನವಾಗಿ ತಿನ್ನುವವರಿಗೆ ಗೊತ್ತು. ಬುದ್ಧಿವಂತ ಆತಿಥೇಯರು ತಮ್ಮ ತಟ್ಟೆಯಲ್ಲಿ ಎರಡು ತುತ್ತು ಉಳಿಸಿಕೊಂಡು ಅವರ ಜೊತೆಗೆ ಮುಗಿಸುತ್ತಾರೆ. ಎಲ್ಲರೂ ಮುಗಿಸುವವರೆಗೆ ಯಾರ ತಟ್ಟೆಯನ್ನೂ ತೆಗೆಯಬಾರದು ಎನ್ನುವ ನಿಯಮ ಇದಕ್ಕಾಗಿಯೇ ಇದೆ.

ಮೊಬೈಲ್ ಫೋನಿಗೆ ಮೇಜಿನಲ್ಲಿ ಸ್ಥಾನವಿಲ್ಲ, ಮಗುಚಿಟ್ಟರೂ ಇಲ್ಲ. ನಿಜವಾಗಿಯೂ ಮುಖ್ಯವಾದ ಕರೆಯನ್ನು ಎದುರುನೋಡುತ್ತಿದ್ದರೆ ಕೂರುವ ಮೊದಲೇ ಹೇಳಿ, ಬಂದಾಗ ಎದ್ದುಹೋಗಿ ಮಾತಾಡಿ.

ಬೇಡದ ತಿನಿಸನ್ನು ನಿರಾಕರಿಸಲು ‘ಬೇಡ, ಧನ್ಯವಾದ’ ಎಂದರೆ ಸಾಕು. ಕಾರಣ ವಿವರಿಸಬೇಕಾಗಿಲ್ಲ, ಕೇಳುವ ಹಕ್ಕು ಆತಿಥೇಯರಿಗೂ ಇಲ್ಲ. ಒತ್ತಾಯಿಸಿ ಬಡಿಸುವುದನ್ನು ಪ್ರೀತಿಯೆಂದು ತಿಳಿದವರೊಡನೆ ನನಗೆ ಬಹಳ ದಿನದ ಜಗಳವಿದೆ. ಆದರೆ ಯಾವುದಾದರೂ ಆಹಾರ ಮೈಗೆ ಆಗದಿದ್ದರೆ ಅದನ್ನು ಮೇಜಿಗೆ ಬಂದು ಹೇಳದೆ ಆಹ್ವಾನ ಒಪ್ಪಿಕೊಳ್ಳುವಾಗಲೇ ತಿಳಿಸುವುದು ಅತಿಥಿಯ ಹೊಣೆ, ಆಹ್ವಾನಿಸುವಾಗಲೇ ಕೇಳುವುದು ಆತಿಥೇಯರ ಹೊಣೆ.

ಅವಘಡಗಳು ಆಗಿಯೇ ಆಗುತ್ತವೆ. ಬಿದ್ದ ಫೋರ್ಕನ್ನು ಹೋಟೆಲಿನಲ್ಲಾದರೆ ಅಲ್ಲೇ ಬಿಟ್ಟು ಬೇರೆಯದನ್ನು ಕೇಳಬೇಕು. ಮನೆಯಲ್ಲಾದರೆ ಎತ್ತಿಕೊಟ್ಟು ಕೇಳಬೇಕು. ಗ್ಲಾಸು ಮಗುಚಿದರೆ ಒಮ್ಮೆ ಕ್ಷಮೆ ಕೇಳಿ, ನ್ಯಾಪ್ಕಿನ್ನಿನಿಂದ ನೀರನ್ನು ತಡೆಯಿರಿ. ಹತ್ತು ಸಲ ಕ್ಷಮೆ ಕೇಳಿದರೆ ಹತ್ತು ಸಲ ಸಮಾಧಾನ ಹೇಳುವ ಕೆಲಸ ಬೇರೆಯವರಿಗೆ ಬೀಳುತ್ತದೆ. ಬಾಯಿಗೆ ಮುಳ್ಳೋ ಮೂಳೆಯೋ ಸಿಕ್ಕರೆ ಕೈಯನ್ನು ಮರೆಮಾಡಿ ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗಿಡಿ. ಗಂಟಲಿಗೆ ಸಿಕ್ಕು ಉಸಿರು ಕಟ್ಟಿದರೆ ಮಾತ್ರ ಯಾವ ಶಿಷ್ಟಾಚಾರವೂ ಬೇಡ, ತಕ್ಷಣ ಕೈಸನ್ನೆ ಮಾಡಿ ಸಹಾಯ ಪಡೆಯಿರಿ. ಮುಜುಗರಕ್ಕೆ ಒಬ್ಬರೇ ಎದ್ದು ಬಚ್ಚಲಿಗೆ ಹೋಗುವುದು ಅಪಾಯ.

ಉಪನ್ಯಾಸದ ಕೊನೆಗೆ ಹಲವರು ಪ್ರಶ್ನೆ ಕೇಳಿದರು. ಮಕ್ಕಳಿಗೆ ಇದನ್ನೆಲ್ಲ ಕಲಿಸುವುದು ಹೇಗೆ ಎಂದು ಕೇಳಿದ ತಾಯಿಯೊಬ್ಬರಿಗೆ, ಮೇಜನ್ನು ಅಣಿಮಾಡುವ ಕೆಲಸವನ್ನು ಮಗುವಿಗೇ ವಹಿಸಿಬಿಡಿ ಎಂದೆ. ತಾನೇ ಎಣಿಸಿ ಇಟ್ಟ ಚಮಚದ ಬಗ್ಗೆ ಮಗುವಿಗೆ ಅಭಿಮಾನವಿರುತ್ತದೆ. ಊಟದ ನಡುವೆ ಎಲ್ಲರೆದುರು ತಿದ್ದುವುದಕ್ಕಿಂತ ಊಟವಾದ ಮೇಲೆ ಒಂದೇ ಒಂದು ವಿಷಯ ಹೇಳುವುದು ಮೇಲು.

ಹಿಂದಿನ ಸಾಲಿನಿಂದ ಒಬ್ಬ ಯುವಕ ಎದ್ದು, ತಾನು ಎಡಗೈಯವನೆಂದೂ, ಈ ಇಡೀ ಮೇಜು ಬಲಗೈಯವರಿಗಾಗಿ ಮಾಡಿದ್ದೆಂದೂ, ತಾನೇನು ಮಾಡಬೇಕೆಂದೂ ಕೇಳಿದ. ನ್ಯಾಯವಾದ ಪ್ರಶ್ನೆ. ಔಪಚಾರಿಕ ಕೂಟದಲ್ಲಿ ಮೇಜಿನ ಜೋಡಣೆಯನ್ನು ಹಾಗೆಯೇ ಬಿಟ್ಟು, ಕೈಗೆತ್ತಿಕೊಂಡ ಮೇಲೆ ಚಾಕು ಮತ್ತು ಫೋರ್ಕನ್ನು ಅದಲುಬದಲು ಮಾಡಿಕೊಳ್ಳಬಹುದು, ಯಾರೂ ಆಕ್ಷೇಪಿಸುವುದಿಲ್ಲ ಎಂದೆ. ಗ್ಲಾಸನ್ನು ಕುಡಿದ ಮೇಲೆ ಮತ್ತೆ ಬಲಗಡೆಗೇ ಇಟ್ಟರೆ ಪಕ್ಕದವರಿಗೆ ಗೊಂದಲವಾಗುವುದಿಲ್ಲ. ಆದರೆ ಆತನನ್ನು ಬಲ್ಲ ಆತಿಥೇಯರು ಮಾಡಬೇಕಾದದ್ದು ಬೇರೆ: ಅವನನ್ನು ಮೇಜಿನ ಎಡತುದಿಯಲ್ಲಿ, ಎಡಮೊಣಕೈಗೆ ಯಾರೂ ಅಡ್ಡ ಬರದ ಮೂಲೆಯಲ್ಲಿ ಕೂರಿಸಬೇಕು. ಸಭೆ ಮುಗಿದ ಮೇಲೆ ಆ ಯುವಕ ವೇದಿಕೆಗೆ ಬಂದು, ನಾನು ಅಣಿಮಾಡಿದ್ದ ಜಾಗದಲ್ಲಿ ಕುಳಿತು, ಫೋರ್ಕು ಚಾಕುಗಳನ್ನು ಬದಲಿಸಿ ಹಿಡಿದು ನೋಡಿದ. ಎದ್ದು ಹೋಗುವಾಗ ಎರಡನ್ನೂ ಒರೆಸಿ, ಅಲಗನ್ನು ಒಳಕ್ಕೆ ತಿರುಗಿಸಿ, ಇದ್ದಲ್ಲಿಯೇ ಇಟ್ಟುಹೋಗಿದ್ದ.